ಓದುಗರ ಪ್ರಶ್ನೆ: ಅಲೆಕ್ಸಾಂಡ್ರಿಯಾದ ಗ್ರಂಥಾಲಯ ಸುಟ್ಟವರು ಯಾರು?

ಪ್ರಶ್ನೆ: ಅಲೆಕ್ಸಾಂಡ್ರಿಯಾದ ಗ್ರಂಥಾಲಯವನ್ನು ಖಲೀಫ ಉಮರ್ ಸುಡಿಸಿದ್ದು ನಿಜವೇ? ಆರು ತಿಂಗಳು ಪುಸ್ತಕ ಉರಿಸಿ ನೀರು ಕಾಯಿಸಿದರಂತೆ?

ಉತ್ತರ: ನಿಜ ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಲ್ಲ. ಬರೀ 'ಅಲ್ಲ' ಅಂದರೆ ಯಾರೂ ಒಪ್ಪುವುದಿಲ್ಲ, ಹಾಗಾಗಿ ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಕಥೆ ನಿಮಗೆ ಗೊತ್ತಿರುತ್ತದೆ. ಕ್ರಿ.ಶ. 642ರಲ್ಲಿ ಅರಬ್ ಸೇನಾಪತಿ ಅಮ್ರ್ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಊರಿನೊಳಗೆ ಬಂದ. ಜಾನ್ ಎಂಬ ಪಂಡಿತ ಅವನ ಹತ್ತಿರ ಹೋಗಿ ಪುಸ್ತಕಗಳನ್ನು ಕೇಳಿದ. ಅಮ್ರ್ ಖಲೀಫನಿಗೆ ಕಾಗದ ಬರೆದ. ಕುರಾನಿನಲ್ಲಿ ಇರುವುದೇ ಅವುಗಳಲ್ಲಿದ್ದರೆ ಅವು ಬೇಕಿಲ್ಲ, ಅದಕ್ಕೆ ವಿರುದ್ಧವಾಗಿದ್ದರೆ ಇರಲೇ ಕೂಡದು ಅಂತ ಉತ್ತರ ಬಂತು. ಪುಸ್ತಕಗಳನ್ನೆಲ್ಲ ಊರಿನ 4,000 ಸ್ನಾನದ ಮನೆಗಳಿಗೆ ಹಂಚಿದರು, ಆರು ತಿಂಗಳು ಉರಿಯಿತು. ಕಥೆ ಇಷ್ಟು.

ಮೊದಲು ಆ ಜಾನ್ ವಿಷಯ ನೋಡೋಣ. ಕಥೆಯಲ್ಲಿ ಬರುವ ಪಂಡಿತ ಜಾನ್ ಫಿಲೋಪೊನಸ್ ಹುಟ್ಟಿದ್ದು 490ರ ಸುಮಾರಿಗೆ. 642ರಲ್ಲಿ ಅಮ್ರ್ ಮುಂದೆ ನಿಲ್ಲಬೇಕಾದರೆ ಅವನಿಗೆ ನೂರೈವತ್ತು ವರ್ಷ ಆಗಿರಬೇಕು. ಅವನು ತೀರಿಕೊಂಡು ಆಗಲೇ ಸುಮಾರು ಎಪ್ಪತ್ತು ವರ್ಷ ಆಗಿತ್ತು.

ಇನ್ನು ಒಲೆಯ ಲೆಕ್ಕ. ಹಳೆಯ ಬರಹಗಳಲ್ಲಿ ಸಿಗುವ ಅತಿ ದೊಡ್ಡ ಸಂಖ್ಯೆಯೆಂದರೆ 7 ಲಕ್ಷ ಸುರುಳಿ. ಅಷ್ಟೂ ಇದ್ದವು ಅಂತಲೇ ಇಟ್ಟುಕೊಳ್ಳಿ. 4,000 ಸ್ನಾನದ ಮನೆ, 180 ದಿನ. ಗುಣಿಸಿದರೆ 7,20,000. ಅಂದರೆ ಒಂದು ಸ್ನಾನದ ಮನೆಗೆ ದಿನಕ್ಕೆ ಒಂದು ಸುರುಳಿ! ಬಚ್ಚಲ ಒಲೆಗೆ ಬೆಂಕಿ ಹಾಕಿ ಗೊತ್ತಿದ್ದವರನ್ನು ಕೇಳಿ ನೋಡಿ. ಜೊಂಡಿನಿಂದ ಮಾಡಿದ ಒಂದು ಸುರುಳಿ ಪಪೈರಸ್‌ನಲ್ಲಿ ಒಂದು ಹಂಡೆ ನೀರು ಉಗುರುಬೆಚ್ಚಗೂ ಆಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಅಂದರೆ ಮೌನ. ನಿಕಿಯುವಿನ ಬಿಷಪ್ ಜಾನ್ ಅದೇ 7ನೇ ಶತಮಾನದವನು, ಈಜಿಪ್ಟಿನವನೇ. ಅರಬರು ಬಂದಾಗ ನಡೆದ ಕಷ್ಟಗಳನ್ನೆಲ್ಲ ನೋವಿನಿಂದ ಬರೆದಿದ್ದಾನೆ. ಪುಸ್ತಕ ಸುಟ್ಟ ಮಾತೇ ಇಲ್ಲ. 10ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಧರ್ಮಗುರುವಾಗಿದ್ದ ಯೂಟಿಕಿಯಸ್ ಕೂಡ ಊರು ಬಿದ್ದ ಕಥೆಯನ್ನು ಬರೆದ. ಅವನಲ್ಲೂ ಇಲ್ಲ. ಮೊದಲ ಸಲ ಈ ಮಾತು ಕೇಳುವುದು 1200ರ ಸುಮಾರಿಗೆ, ಅಬ್ದುಲ್ ಲತೀಫ್ ಅಲ್ ಬಗ್ದಾದಿ ಎಂಬ ವೈದ್ಯನ ಪ್ರವಾಸದ ಬರಹದಲ್ಲಿ. ಅಷ್ಟು ಹೊತ್ತಿಗೆ ಐನೂರೈವತ್ತು ವರ್ಷ ಕಳೆದಿತ್ತು. ಖಲೀಫನ ಹೆಸರಿನಲ್ಲಿ ಓಡಾಡುವ ಆ ಮಾತು ಅದಕ್ಕೂ ಆಮೇಲೆ ಇಬ್ನ್ ಅಲ್ ಕಿಫ್ತಿ ಎಂಬ ಅರಬ್ ಲೇಖಕ ಬರೆದದ್ದು. 1663ರಲ್ಲಿ ಲ್ಯಾಟಿನ್‌ಗೆ ಹೋಯಿತು, ಅಲ್ಲಿಂದ ಯುರೋಪಿನ ತುಂಬ ಹರಡಿತು.

ಹಾಗಾದರೆ ರೋಮಿನ ಸೇನಾಪತಿ ಸೀಸರ್ ಸುಟ್ಟನೇ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಕ್ರಿ.ಪೂ. 48ರಲ್ಲಿ ಅವನು ಬಂದರಿನಲ್ಲಿ ಹಡಗುಗಳಿಗೆ ಬೆಂಕಿ ಇಟ್ಟದ್ದು ನಿಜ. ಬೆಂಕಿ ದಡಕ್ಕೂ ಹಬ್ಬಿತು, 40,000 ಪುಸ್ತಕ ಹೋದವು ಅಂತ ರೋಮಿನ ಲೇಖಕ ಸೆನೆಕಾ ಬರೆಯುತ್ತಾನೆ. ದೊಡ್ಡ ನಷ್ಟವೇ. ಆದರೆ ಗ್ರಂಥಾಲಯ ಇದ್ದ ಮೌಸೆಯನ್ ಎಂಬ ವಿದ್ಯಾಕೇಂದ್ರ ಆಮೇಲೂ ನಡೆಯುತ್ತಿತ್ತು. ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಅದನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಕ್ರಿ.ಶ. 272ರ ಸುಮಾರಿಗೆ ರೋಮಿನ ಆರೇಲಿಯನ್ ದೊರೆಯ ಯುದ್ಧದಲ್ಲಿ ಮೌಸೆಯನ್ ಇದ್ದ ಅರಮನೆಯ ಬಡಾವಣೆಯೇ ನೆಲಸಮವಾಯಿತು. 391ರಲ್ಲಿ ಇನ್ನೊಂದು ಗ್ರಂಥಾಲಯವಿದ್ದ ಸೆರಾಪಿಯಮ್ ದೇವಸ್ಥಾನವನ್ನು ಕೆಡವಿದರು. ಅಮ್ರ್ ಬರುವ ಹೊತ್ತಿಗೆ ಸುಡಲು ಅಲ್ಲಿ ಆ ಗ್ರಂಥಾಲಯ ಇರಲೇ ಇಲ್ಲ.

ನನ್ನನ್ನು ಕೇಳಿದರೆ, ಬೆಂಕಿಗಿಂತ ಜಾಸ್ತಿ ಹಾಳು ಮಾಡಿದ್ದು ಉದಾಸೀನ. ಶುರುವಿನಲ್ಲಿ ಈ ಗ್ರಂಥಾಲಯ ಕಟ್ಟಿದ ಟಾಲೆಮಿ ರಾಜರಿಗೆ ಪುಸ್ತಕದ ಹುಚ್ಚು. ಬಂದರಿಗೆ ಬಂದ ಹಡಗುಗಳಲ್ಲಿ ಪುಸ್ತಕ ಸಿಕ್ಕರೆ ಕಿತ್ತುಕೊಂಡು, ನಕಲು ಮಾಡಿಸಿ, ನಕಲನ್ನು ವಾಪಸ್ ಕೊಟ್ಟು ಮೂಲವನ್ನು ಇಟ್ಟುಕೊಳ್ಳುತ್ತಿದ್ದರು. ಕ್ರಿ.ಪೂ. 145ರಲ್ಲಿ ಎಂಟನೇ ಟಾಲೆಮಿ ಪಟ್ಟಕ್ಕೆ ಬಂದು ವಿದ್ವಾಂಸರನ್ನು ಓಡಿಸಿದ. ಗ್ರಂಥಪಾಲಕ ಅರಿಸ್ಟಾರ್ಕಸ್ ಸೈಪ್ರಸ್‌ಗೆ ಓಡಿದ. ಅವನ ಜಾಗಕ್ಕೆ ಬಂದವನು ಕೈದಸ್, ಈಟಿ ಪಡೆಯವನು. ಪಪೈರಸ್ ಅಂದರೆ ನಮ್ಮ ತಾಳೆಗರಿ ಇದ್ದ ಹಾಗೆ, ಆಗಾಗ ಹೊಸದಾಗಿ ನಕಲು ಮಾಡುತ್ತಲೇ ಇರಬೇಕು. ಅಲೆಕ್ಸಾಂಡ್ರಿಯಾದ್ದು ಸಮುದ್ರದ ತೇವದ ಗಾಳಿ. ನಕಲು ಮಾಡುವ ಕೈ ನಿಂತರೆ ಯಾರೂ ಕಡ್ಡಿ ಗೀರಬೇಕಿಲ್ಲ, ಪುಸ್ತಕ ತಾನಾಗಿಯೇ ಹೋಗುತ್ತದೆ.

ಈಗ ಅದೇ ಊರಿನ ಕಡಲ ದಡದಲ್ಲಿ 2002ರಲ್ಲಿ ತೆರೆದ ಹೊಸ ಗ್ರಂಥಾಲಯ ಇದೆ. ಅದರ ಆಸ್ವಾನ್ ಗ್ರಾನೈಟ್ ಗೋಡೆಯ ಮೇಲೆ ಲೋಕದ ಬೇರೆ ಬೇರೆ ಲಿಪಿಗಳ ಅಕ್ಷರಗಳನ್ನು ಕೆತ್ತಿದ್ದಾರೆ. ಹೋದವರು ತಪ್ಪದೆ ನೋಡಿ.

ಕೈದಸ್‌ನ ಹೆಸರು ನಮಗೆ ಹೇಗೆ ಗೊತ್ತಾಯಿತು? ಇದನ್ನು ಯಾರೂ ಕೇಳಲಿಲ್ಲ, ಆದರೆ ಹೇಳದೆ ಇರಲಾರೆ. ಗ್ರಂಥಪಾಲಕರ ಪಟ್ಟಿ ಇದ್ದ ಒಂದು ಹಾಳೆ ಸಿಕ್ಕಿದ್ದು ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಯಲ್ಲಿ! ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರ. ಅಲ್ಲಿ ಮಳೆಯೇ ಅಪರೂಪ, ಒಣ ಮರಳು. ಊರಿನವರು ಬಿಸಾಕಿದ ಕಾಗದಗಳು ಸಾವಿರಾರು ವರ್ಷ ಹಾಗೇ ಉಳಿದವು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು 1896ರ ಚಳಿಗಾಲದಲ್ಲಿ ಅಗೆಯಲು ಶುರು ಮಾಡಿದರು.

ಅದೇ ತಿಪ್ಪೆಯಲ್ಲಿ ಸಿಕ್ಕ 413ನೇ ಪಪೈರಸ್ ಒಂದು ಗ್ರೀಕ್ ಪ್ರಹಸನ. ಖಾರಿಟಿಯೊನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಕಡೆಯವರು ಅಲ್ಲಿನ ರಾಜನಿಗೆ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾರೆ. ಭಾರತದ ಪಾತ್ರಗಳ ಮಾತು ಗ್ರೀಕ್ ಲಿಪಿಯಲ್ಲಿದೆ, ಭಾಷೆ ಮಾತ್ರ ಗ್ರೀಕ್ ಅಲ್ಲ. 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ಅದು ಕನ್ನಡ ಅಂದರು. ಮೈಸೂರಿನ ಶಾಮಶಾಸ್ತ್ರಿಗಳು ಒಂದು ಸಾಲನ್ನು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ, ಬರೀ ನಗಿಸಲು ಕಟ್ಟಿದ ಸದ್ದು ಅನ್ನುವವರೂ ಇದ್ದಾರೆ. ಹಾಳೆ 2ನೇ ಶತಮಾನದ್ದು, ನಮ್ಮ ಹಲ್ಮಿಡಿ ಶಾಸನಕ್ಕಿಂತ ಹಳೆಯದು. ಎಲ್ಲೆಲ್ಲಿ ವಾದ್ಯ ಬಾರಿಸಬೇಕು ಅನ್ನುವ ಗುರುತು ಕೂಡ ಆ ಮಾತುಗಳ ನಡುವೆ ಇನ್ನೂ ಕಾಣುತ್ತದೆ.