ಬ್ರೋಚನ್ನು ಮೊದಲು ಬೋರಲು ಹಾಕಿ ನೋಡಿ

ಹೋದ ತಿಂಗಳು ಒಬ್ಬರು, ಹಳೆ ಒಡವೆ ರಿಪೇರಿ ಮಾಡುವ ನನ್ನ ಟೇಬಲ್ ಮೇಲೆ ಪುಟ್ಟ ಡಬ್ಬಿಯೊಂದನ್ನು ಇಟ್ಟರು. ಒಳಗೆ ಹತ್ತಿಯಲ್ಲಿ ಸುತ್ತಿದ ಎಲೆಯಾಕಾರದ ಬ್ರೋಚ್, ಅಂದರೆ ಬಟ್ಟೆಗೆ ಚುಚ್ಚಿಕೊಳ್ಳುವ ಅಲಂಕಾರದ ಪಿನ್. ಇಲ್ಲೇ ನ್ಯೂಜೆರ್ಸಿಯಲ್ಲಿ ಅವರ ಪಕ್ಕದ ಮನೆಯ ಅಜ್ಜಿ ಮನೆ ಖಾಲಿ ಮಾಡುವಾಗ ಪ್ರೀತಿಯಿಂದ ಕೊಟ್ಟು ಹೋಗಿದ್ದಂತೆ. ಮಂಕಾಗಿದೆ ಅಂತ ಇವರು ಚಿನ್ನದ ಸರ ತೊಳೆಯುವ ಹಾಗೆ ಅಂಟುವಾಳದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದ್ದಾರೆ. ವಾರ ಕಳೆಯುವಷ್ಟರಲ್ಲಿ ಹದಿನೇಳು ಕಲ್ಲುಗಳಲ್ಲಿ ಒಂಬತ್ತು ಕಪ್ಪಾಗಿದ್ದವು. "ಅಮ್ಮನ ಒಡವೆಗಳನ್ನೆಲ್ಲಾ ಹೀಗೇ ತೊಳೀತೀನಿ, ಇದಕ್ಕೆ ಯಾಕೆ ಹೀಗಾಯ್ತು?" ಅಂದರು. ಕಣ್ಣಲ್ಲಿ ನೀರಿತ್ತು.

ಅದು ಗಾಜು. ರೈನ್‌ಸ್ಟೋನ್ ಅಂತ ಕರೆಯುವ ಈ ಕಲ್ಲುಗಳ ಬೆನ್ನಿಗೆ ತೆಳುವಾದ ಲೋಹದ ಲೇಪ ಇರುತ್ತದೆ. ಬೆಳಕು ಅದಕ್ಕೆ ಬಡಿದು ವಾಪಸ್ಸು ಬರುವುದರಿಂದಲೇ ಕಲ್ಲು ಹೊಳೆಯುವುದು. ನೀರು ಒಳಗೆ ಇಳಿದರೆ ಹೊರಗೆ ಬರಲು ದಾರಿಯಿಲ್ಲ. ಹಳೆ ಕನ್ನಡಿಯ ಲೇಪ ಎದ್ದು ಕಪ್ಪು ಚುಕ್ಕೆ ಬೀಳುತ್ತದಲ್ಲ, ಇಲ್ಲೂ ಅದೇ ಆಗುವುದು. ಇದನ್ನು ನಮ್ಮ ಈ ಕಸುಬಿನವರು 'ಕಲ್ಲು ಸತ್ತಿದೆ' ಅನ್ನುತ್ತಾರೆ. ಸತ್ತ ಕಲ್ಲಿಗೆ ಮತ್ತೆ ಜೀವ ಬರುವುದಿಲ್ಲ, ಬದಲಾಯಿಸಬೇಕು ಅಷ್ಟೇ.

ನಮ್ಮಲ್ಲಿ ಗಿಲೀಟು ಅಂದರೆ ಅಸಡ್ಡೆ ಜಾಸ್ತಿ. ಚಿನ್ನ ಕೊಳ್ಳಲಾಗದವರು ಹಾಕುವುದು ಅನ್ನುವ ಭಾವನೆ. ಅಮೆರಿಕದಲ್ಲಿ 1930ರಿಂದ 1960ರ ದಶಕದವರೆಗೆ ಆದ ಕೆಲಸವನ್ನು ಕೈಯಲ್ಲಿ ಹಿಡಿದು ನೋಡಿದರೆ ಆ ಮಾತು ಬಾಯಿಗೆ ಬರುವುದಿಲ್ಲ. ಇಂಥ ಗಿಲೀಟು ಒಡವೆ ಮಾಡುತ್ತಿದ್ದ ಟ್ರಿಫಾರಿ ಕಂಪನಿಗೆ 1930ರಲ್ಲಿ ಬಂದ ಡಿಸೈನರ್ ಆಲ್ಫ್ರೆಡ್ ಫಿಲಿಪ್, ಅದಕ್ಕೂ ಮುಂಚೆ ಕಾರ್ಟಿಯೆ, ವಾನ್ ಕ್ಲೀಫ್‌ನಂಥ ದೊಡ್ಡ ಅಂಗಡಿಗಳಿಗೆ ನಿಜವಾದ ರತ್ನದ ಒಡವೆ ರೂಪಿಸಿದವರು. ಅದೇ ಕೈ ಗಾಜಿಗೂ ಕೆಲಸ ಮಾಡಿತು. 1953ರಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾದಾಗ ಅವರ ಪತ್ನಿ ಮೇಮಿ ಸಮಾರಂಭದ ರಾತ್ರಿ ಹಾಕಿಕೊಂಡಿದ್ದು ಟ್ರಿಫಾರಿಯ ಕೃತಕ ಮುತ್ತುಗಳನ್ನೇ.

ಹಾಗಾಗಿ ಹಳೆ ಸಾಮಾನು ಮಾರುವ ಫ್ಲೀ ಮಾರ್ಕೆಟ್‌ನಲ್ಲೋ, ಮನೆಯ ಸಾಮಾನೆಲ್ಲಾ ಮಾರಿಬಿಡುವ ಎಸ್ಟೇಟ್ ಸೇಲ್‌ನಲ್ಲೋ ಬ್ರೋಚ್ ಕಣ್ಣಿಗೆ ಬಿದ್ದರೆ ಮೊದಲು ಬೋರಲು ಹಾಕಿ. ಮುಂಭಾಗ ಎಲ್ಲರಿಗೂ ಚೆಂದವೇ ಕಾಣುತ್ತದೆ. ಅದರ ವಯಸ್ಸು ಗೊತ್ತಾಗುವುದು ಬೆನ್ನಿನಿಂದ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಒಂದು ಜೊತೆಗಿರಲಿ.

ಟ್ರಿಫಾರಿ ಹೆಸರಿನ ಪಕ್ಕ ವೃತ್ತದೊಳಗಿನ 'ಸಿ', ಅಂದರೆ ಕಾಪಿರೈಟ್ ಗುರುತು ಇದ್ದರೆ, ಅದು ಸಾಮಾನ್ಯವಾಗಿ 1955ರ ನಂತರದ್ದು. ಆ ವರ್ಷ ಟ್ರಿಫಾರಿ ಹೂಡಿದ್ದ ದಾವೆಯಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು, ಇಂಥ ಒಡವೆಯ ವಿನ್ಯಾಸಕ್ಕೂ ಕಲಾಕೃತಿಯ ಹಾಗೆ ಕಾಪಿರೈಟ್ ಉಂಟು ಅಂದಿತು. 'ಸ್ಟರ್ಲಿಂಗ್', ಅಂದರೆ ಬೆಳ್ಳಿ, ಅಂತ ಇದ್ದರೆ ಎರಡನೇ ಮಹಾಯುದ್ಧದ ಕಾಲದ್ದಿರಬಹುದು. ಬೇರೆ ಲೋಹಗಳೆಲ್ಲಾ ಯುದ್ಧಕ್ಕೆ ಹೋದಾಗ ಕಂಪನಿಗಳು ಬೆಳ್ಳಿ ಬಳಸಿದವು. ಕಲ್ಲಿನ ಮೇಲೆ ಎಣ್ಣೆ ಬಿದ್ದ ನೀರಿನಂತೆ ಕಾಮನಬಿಲ್ಲಿನ ಬಣ್ಣ ಆಡುತ್ತಿದ್ದರೆ ಅದು ಅರೋರಾ ಬೋರಿಯಾಲಿಸ್ ಲೇಪ. ಫ್ಯಾಷನ್ ಡಿಸೈನರ್ ಕ್ರಿಶ್ಚಿಯನ್ ಡಿಯೋರ್ ಜೊತೆ ಗಾಜಿನ ಕಲ್ಲು ಮಾಡುವ ಸ್ವರೋವ್‌ಸ್ಕಿ ಕಂಪನಿ ಅದನ್ನು ತಂದಿದ್ದು 1956ರಲ್ಲಿ. ಅಂಥ ಕಲ್ಲಿರುವುದನ್ನು ಮಾರುವವರು 1940ರದ್ದು ಅಂದರೆ ನಂಬಬೇಡಿ. ಹಾಗಂತ ಹೆಸರೇ ಇಲ್ಲದ್ದನ್ನು ಸುಮ್ನೆ ಪಕ್ಕಕ್ಕಿಡಬೇಡಿ. ಅಮೆರಿಕದ ಗಿಲೀಟು ಒಡವೆಗಳಿಗೆ ಹೆಸರಾದ ಮಿರಿಯಮ್ ಹ್ಯಾಸ್ಕೆಲ್ ಅವರ ಶುರುವಿನ ವರ್ಷಗಳ ಒಡವೆಗಳ ಮೇಲೆ ಹೆಸರೇ ಇರುತ್ತಿರಲಿಲ್ಲ. ಒಂದೊಂದು ಮಣಿಯನ್ನೂ ಕೈಯಲ್ಲೇ ತಂತಿ ಸುತ್ತಿ ಕೂರಿಸಿದ ಆ ಕೆಲಸವೇ ಅವರ ಸಹಿ.

ಬೆನ್ನಲ್ಲಿ ಹಸಿರು ಕಿಲುಬು ಕಂಡರೆ ಹುಣಸೆಹಣ್ಣು ತರಬೇಡಿ, ದಮ್ಮಯ್ಯ! ಹಿತ್ತಾಳೆ ಚೊಂಬು ಉಜ್ಜಿದ ಹಾಗೆ ಉಜ್ಜಿದರೆ ಮೇಲಿನ ಚಿನ್ನದ ಮೆರುಗೇ ಹೋಗುತ್ತದೆ. ಮರದ ಕಡ್ಡಿಯಿಂದ ಮೆಲ್ಲಗೆ ಕೆರೆಯಿರಿ. ಒಣ ಮೆತ್ತನೆ ಬ್ರಷ್‌ನಿಂದ ಒರೆಸಿ. ಕಿಲುಬು ಹಿಡಿದದ್ದನ್ನು ಬೇರೆಯವುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಮುಖದ ಕಡೆ ಒರೆಸಲೇಬೇಕು ಅಂದರೆ, ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಒರೆಸಿ, ತಕ್ಷಣ ಬೋರಲು ಹಾಕಿ ಒಣಗಿಸಿ. ಸೆಂಟು, ಹೇರ್ ಸ್ಪ್ರೇ ಎಲ್ಲಾ ಮುಗಿದ ಮೇಲೆ ಒಡವೆ ಹಾಕಿಕೊಳ್ಳಿ.

ಹಾಕಿಕೊಳ್ಳುವುದು ಮುಖ್ಯ. ಡಬ್ಬಿಯಲ್ಲಿಟ್ಟು ಪೂಜೆ ಮಾಡಲು ಯಾರೂ ಇವನ್ನು ಮಾಡಲಿಲ್ಲ. ಸೀರೆಯ ಭುಜದ ಮೇಲೆ ಹಳೆ ಬ್ರೋಚಿನಷ್ಟು ಚೆಂದ ಕಾಣುವುದು ಕಡಿಮೆ. ಆದರೆ ಸೆರಗಿನ ಅಷ್ಟೂ ನೆರಿಗೆಗಳನ್ನು ಅದರ ಸೂಜಿಗೇ ಚುಚ್ಚಿದರೆ ಎಪ್ಪತ್ತು ವರ್ಷದ ಕೀಲು ತಡೆಯುವುದಿಲ್ಲ, ರೇಷ್ಮೆಯ ಎಳೆಯೂ ಕೀಳುತ್ತದೆ. ನೆರಿಗೆಯನ್ನು ಸಣ್ಣ ಸೇಫ್ಟಿ ಪಿನ್ ಹಿಡಿದುಕೊಳ್ಳಲಿ. ಬ್ರೋಚನ್ನು ಮೇಲಿನ ಒಂದೇ ಪದರಕ್ಕೆ ಹಾಕಿ, ಒಳಗಡೆ ಉಣ್ಣೆ ಬಟ್ಟೆಯ ಪುಟ್ಟ ತುಂಡು ಕೊಡಿ. ಸೂಜಿಯ ಬದಲು ಎರಡು ದಪ್ಪ ಮುಳ್ಳುಗಳಿರುವ ಹಳೆ ಫರ್ ಕ್ಲಿಪ್‌ಗಳನ್ನು ಮಾತ್ರ ರೇಷ್ಮೆಗೆ ತಾಗಿಸಬೇಡಿ, ಅವು ಉಣ್ಣೆ ಕೋಟಿಗೇ ಸರಿ.

ಇನ್ನೊಂದು ಮಾತು. ಭಾರದ ಓಲೆ, ಜುಮುಕಿ ಹಾಕಿ ಹಾಕಿ ಕಿವಿಯ ತೂತು ಜಗ್ಗಿದ ನಮ್ಮ ಅಮ್ಮಂದಿರಿಗೆ ಆ ದಶಕಗಳ ಕ್ಲಿಪ್ ಓಲೆಗಳು ಎಷ್ಟು ಒಳ್ಳೆಯವು ಗೊತ್ತಾ? ತೂತೇ ಬೇಡ. ಒತ್ತಿದರೆ ನೋಯುತ್ತದೆ ಅನ್ನುವವರು ಸಣ್ಣ ರಬ್ಬರ್ ಪ್ಯಾಡ್ ಹಾಕಿಸಿಕೊಳ್ಳಿ.

ಆ ಎಲೆ ಬ್ರೋಚಿಗೆ ಹೊಸ ಕಲ್ಲು ಹಾಕಿ, ಹೊಸದಾಗಿ ಮೆರುಗು ಕೊಡಿ ಅಂತ ಅವರು ಕೇಳಿದರು. ಮೆರುಗು ಬೇಡ ಅಂದೆ. ಹೊಸ ಹಳದಿಯಲ್ಲಿ ಎಪ್ಪತ್ತು ವರ್ಷದ ಬಣ್ಣ ಮುಚ್ಚಿಹೋಗುತ್ತದೆ. ಹೊಸ ಕಲ್ಲೂ ಬೇಡ, ಹಳೆಯವುಗಳ ನಡುವೆ ಅದೊಂದೇ ಕಣ್ಣಿಗೆ ಹೊಡೆಯುತ್ತದೆ. ಮುರಿದ ಒಡವೆಗಳ ದೊಡ್ಡ ಡಬ್ಬಿಯೊಂದು ನನ್ನ ಹತ್ತಿರ ಇದೆ. ಅದರಲ್ಲಿ ಹುಡುಕಿ, ಅಷ್ಟೇ ಅಳತೆಯ, ಅಷ್ಟೇ ಮಾಸಿದ ಎಂಟು ಕಲ್ಲುಗಳನ್ನು ಕೂರಿಸಿದ್ದೇನೆ. ಒಂಬತ್ತನೆಯದು ತುದಿಯದು, ಹನಿಯ ಆಕಾರದ್ದು. ಅದು ಇನ್ನೂ ಸಿಕ್ಕಿಲ್ಲ.