ಪದ ಪರಿಚಯ: ಸಸ್ಟೇನಬಲ್ ಫಂಡಿಂಗ್

ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಬಹುದಾದ ತಂತ್ರಾಂಶ ಮಾಡುವವರು ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಕನ್ನಡದಲ್ಲಿ ಕೆಲವರು 'ಸುಸ್ಥಿರ ಧನಸಹಾಯ' ಎಂದು ಬರೆಯುತ್ತಾರೆ. ನನಗೆ ಅದರಲ್ಲಿರುವ 'ಸಹಾಯ' ಒಪ್ಪಿಗೆಯಾಗುವುದಿಲ್ಲ. ಇದಕ್ಕಿಂತ ಹತ್ತಿರದ ಪದ ನಮ್ಮ ಶಾಸನಗಳಲ್ಲೇ ಇದೆ: ಬಿತ್ತುವಟ್ಟ. ಕೆರೆಯ ಉಸ್ತುವಾರಿಗೆಂದೇ ಬಿಟ್ಟ ಜಮೀನು ಅಥವಾ ಬೆಳೆಯ ಪಾಲು ಅದು. ಕೆರೆ ಒಮ್ಮೆ ಕಟ್ಟಿಸಿದರೆ ಮುಗಿಯಿತೇ? ಹೂಳು ಎತ್ತಬೇಕು, ಏರಿ ಕುಸಿದಲ್ಲಿ ಮಣ್ಣು ಹಾಕಬೇಕು, ತೂಬು ನೋಡಿಕೊಳ್ಳಬೇಕು. ಅದು ವರ್ಷವರ್ಷದ ಕೆಲಸ, ಅದಕ್ಕೆ ವರ್ಷವರ್ಷದ ಆದಾಯ ಬೇಕು.

ತಂತ್ರಾಂಶದ ಕಥೆಯೂ ಇದೇ. ಕೋಡ್ ಬರೆದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಅದರ ಹೂಳೆತ್ತುವವರನ್ನು, ಅಂದರೆ ಮೇಂಟೇನರ್‌ಗಳನ್ನು, ಯಾರೂ ಕೇಳುವುದಿಲ್ಲ.

ಓಪನ್‌ಎಸ್‌ಎಸ್‌ಎಲ್ ನೋಡಿ. ಬ್ಯಾಂಕಿನ ವೆಬ್‌ಸೈಟ್‌ಗೆ ಹೋದಾಗ ನಿಮ್ಮ ಪಾಸ್‌ವರ್ಡನ್ನು ಗುಟ್ಟಾಗಿ ಸಾಗಿಸುವಂಥ ಕೆಲಸ ಮಾಡುವ ಕೋಡ್ ಅದು. 2014ರ ಏಪ್ರಿಲ್‌ನಲ್ಲಿ ಅದರಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಸಿಕ್ಕಿತು. 'ಈ ಮಾತನ್ನು ತಿರುಗಿ ಹೇಳು, ಇದು ಇಷ್ಟು ಉದ್ದ ಇದೆ' ಎಂದು ಒಂದು ಕಂಪ್ಯೂಟರ್ ಸರ್ವರನ್ನು ಕೇಳುವ ಸೌಲಭ್ಯ ಅದರಲ್ಲಿತ್ತು. ನಾಲ್ಕೇ ಅಕ್ಷರ ಕಳಿಸಿ 64 ಸಾವಿರ ಅಂತ ಸುಳ್ಳು ಹೇಳಿದರೂ ಸರ್ವರ್ ಅಳೆದು ನೋಡುತ್ತಿರಲಿಲ್ಲ. ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿ ಏನಿತ್ತೋ, ಪಾಸ್‌ವರ್ಡ್, ಗುಟ್ಟಿನ ಕೀಲಿ, ಎಲ್ಲವನ್ನೂ ಸೇರಿಸಿ ಕಳಿಸಿಬಿಡುತ್ತಿತ್ತು. ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಬೀಳುವುದು ಹೇಗೆ? ಆ ಪ್ರಾಜೆಕ್ಟಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ತಿ ಸಮಯ ಕೆಲಸ ಮಾಡುತ್ತಿದ್ದವರು ಒಬ್ಬರೇ.

ಸುದ್ದಿ ಹಬ್ಬಿದ ಮೇಲೆ ಒಂದೇ ವಾರದಲ್ಲಿ ಸುಮಾರು 9,000 ಡಾಲರ್ ಬಂತು. ಜಾಸ್ತಿಯೆಲ್ಲ 5, 10 ಡಾಲರ್ ಕೊಟ್ಟ ಸಾಮಾನ್ಯ ಜನರದು. ಆ ಜನರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಏರಿ ಒಡೆದ ದಿನ ಬರುವ ಹಣಕ್ಕೆ ಸಸ್ಟೇನಬಲ್ ಅನ್ನಲಾಗದು, ಅಲ್ವಾ? ಮುಂದಿನ ತಿಂಗಳೂ ಬರುತ್ತದೆ ಎಂಬ ಭರವಸೆಯೇ ಆ ಪದದ ತಿರುಳು. ಈ ಕೆರೆಯ ನೀರುಂಡ ದೊಡ್ಡ ಕಂಪನಿಗಳು ಆ ವರ್ಷ ಓಪನ್ ಸೋರ್ಸ್‌ಗೆ ಬೆಂಬಲವಾಗಿರುವ ಲಿನಕ್ಸ್ ಫೌಂಡೇಶನ್ ಎಂಬ ಸಂಸ್ಥೆಯ ಮೂಲಕ ಕೈಜೋಡಿಸಿದವು. ಮೊದಲೇ ಜೋಡಿಸಬೇಕಿತ್ತು.

ನಮ್ಮೂರಲ್ಲೂ ಒಂದು ಒಳ್ಳೆಯ ಕೆಲಸ ಆಗಿದೆ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ 'ಫ್ಲಾಸ್ ಫಂಡ್' ಶುರು ಮಾಡಿತು. ವರ್ಷಕ್ಕೆ 10 ಲಕ್ಷ ಡಾಲರ್, ಒಂದು ಪ್ರಾಜೆಕ್ಟಿಗೆ 10 ಸಾವಿರದಿಂದ 1 ಲಕ್ಷದವರೆಗೆ. ಹಣ ಬೇಕಾದವರು 'ಫಂಡಿಂಗ್.ಜೇಸನ್' ಎಂಬ ಪುಟ್ಟ ಕಡತವನ್ನು ತಮ್ಮ ವೆಬ್‌ಸೈಟ್‌ನಲ್ಲೇ ಇಡಬೇಕು. ನಾವು ಯಾರು, ಎಷ್ಟು ಬೇಕು, ಯಾವ ದಾರಿಯಲ್ಲಿ ಕೊಡಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಕೈ ಚಾಚುವ ಸಂಕೋಚವನ್ನು ಇದು ಕಡಿಮೆ ಮಾಡುತ್ತದೆ ಎಂದೇ ನನಗೆ ಇದು ಇಷ್ಟ.

ಬಿತ್ತುವಟ್ಟಕ್ಕೆ ಇನ್ನೂ ಹತ್ತಿರ ಬಂದದ್ದು 3ಡಿ ಚಿತ್ರ, ಅನಿಮೇಶನ್ ಮಾಡುವ ತಂತ್ರಾಂಶ ಬ್ಲೆಂಡರ್. ಅದನ್ನು ಮಾಡುತ್ತಿದ್ದ ಕಂಪನಿ 2002ರಲ್ಲಿ ಮುಳುಗಿತು. ಬಳಸುವವರೇ ಏಳು ವಾರದಲ್ಲಿ 1 ಲಕ್ಷ ಯೂರೋ ಕೂಡಿಸಿ ಕೋಡನ್ನು ಬಿಡಿಸಿಕೊಂಡರು. ಅಷ್ಟಕ್ಕೇ ನಿಲ್ಲದೆ ಮುಂದೆ ಡೆವಲಪ್‌ಮೆಂಟ್ ಫಂಡ್ ಎಂಬ ಸದಸ್ಯತ್ವ ಬಂತು. ಮನೆಯಲ್ಲಿ ಕೂತು ಅನಿಮೇಶನ್ ಮಾಡುವವರೂ ಅದಕ್ಕೆ ಕಟ್ಟುತ್ತಾರೆ, ದೊಡ್ಡ ಕಂಪನಿಗಳೂ ಕಟ್ಟುತ್ತವೆ. ದೋಷ ತಿದ್ದುವವರ ಸಂಬಳ ಹೋಗುವುದು ಆ ಗಂಟಿನಿಂದಲೇ.