ಟೋನಿ ಸ್ಟೋನ್ ತಂಡದಲ್ಲಿದ್ದದ್ದು ಬರೀ ಟಿಕೆಟ್ ಮಾರಲಿಕ್ಕಾ?

ಪ್ರಶ್ನೆ: 1953ರಲ್ಲಿ ಅಮೆರಿಕದ ಗಂಡಸರ ಬೇಸ್‌ಬಾಲ್ ತಂಡದಲ್ಲಿ ಟೋನಿ ಸ್ಟೋನ್ ಅನ್ನುವ ಮಹಿಳೆ ಆಡಿದ್ದರಂತೆ. ಅವರಿಗೆ ನಿಜವಾಗಿ ಆಟ ಬರ್ತಿತ್ತಾ, ಅಥವಾ ಜನ ಸೇರಲಿ ಅಂತ ಸುಮ್ನೆ ಇಟ್ಟುಕೊಂಡಿದ್ದರಾ?

ಉತ್ತರ: ಆಟ ಬರುತ್ತಿತ್ತು. ಮಾಲೀಕರಿಗೆ ಜನವೂ ಬೇಕಿತ್ತು. ಎರಡನೆಯದು ನಿಜ ಅಂದ ಮಾತ್ರಕ್ಕೆ ಮೊದಲನೆಯದು ಸುಳ್ಳಾಗುವುದಿಲ್ಲ. ಅಲ್ಲೇ ಜನ ತಪ್ಪು ಲೆಕ್ಕ ಹಾಕೋದು.

ಆ ಹೊತ್ತಿನ ಪರಿಸ್ಥಿತಿ ಮೊದಲು ನೋಡಿ. ಕಪ್ಪು ಜನರನ್ನು ದೊಡ್ಡ ಲೀಗ್‌ಗಳು ಸೇರಿಸಿಕೊಳ್ಳದೆ ಇದ್ದ ಕಾಲದಲ್ಲಿ ಅವರೇ ಕಟ್ಟಿಕೊಂಡದ್ದು ನೀಗ್ರೋ ಲೀಗ್‌ಗಳು. 1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ದೊಡ್ಡ ಲೀಗ್‌ನ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಆಡಿದ ಮೇಲೆ ಒಳ್ಳೆ ಆಟಗಾರರು ಒಬ್ಬೊಬ್ಬರಾಗಿ ಆ ಕಡೆ ಹೋದರು, ಅವರ ಹಿಂದೆ ಪ್ರೇಕ್ಷಕರೂ ಹೋದರು. ನೀಗ್ರೋ ಲೀಗ್‌ನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿದ್ದ ಹ್ಯಾಂಕ್ ಆರನ್ ಅನ್ನುವ ಹುಡುಗನನ್ನು 1952ರಲ್ಲಿ ದೊಡ್ಡ ಲೀಗ್‌ನ ಬಾಸ್ಟನ್ ಬ್ರೇವ್ಸ್ ಕೊಂಡುಕೊಂಡಿತು. ಮರುವರ್ಷ ಕ್ಲೌನ್ಸ್ ಮಾಲೀಕ ಸಿಡ್ ಪೊಲಾಕ್ ಟೋನಿಯನ್ನು ಕರೆತಂದರು. ಸಂಬಳ 12,000 ಡಾಲರ್ ಅಂತ ಪ್ರಚಾರ ಮಾಡಿಸಿದರು. ನಿಜವಾಗಿ ಕೈಗೆ ಬರುತ್ತಿದ್ದದ್ದು ಅದಕ್ಕಿಂತ ಬಹಳ ಕಡಿಮೆ. ಸ್ಕರ್ಟ್ ಹಾಕಿಕೊಂಡು ಆಡು ಅಂತ ಕೇಳಿದಾಗ ಟೋನಿ ಒಪ್ಪಲಿಲ್ಲ, ಉಳಿದವರು ಹಾಕುತ್ತಿದ್ದ ಯೂನಿಫಾರ್ಮೇ ಹಾಕಿದರು.

ಇಷ್ಟು ಮಾತ್ರ ಓದಿದರೆ ಪ್ರಚಾರದ ಗಿಮಿಕ್ ಅನ್ನಿಸುತ್ತೆ. ಆದರೆ ಅವರು ಅಲ್ಲಿಗೆ ಬಂದ ದಾರಿ ನೋಡಿ.

ಹುಟ್ಟಿದ್ದು 1921ರಲ್ಲಿ, ವೆಸ್ಟ್ ವರ್ಜೀನಿಯಾದ ಬ್ಲೂಫೀಲ್ಡ್‌ನಲ್ಲಿ. ಮನೆಯವರು ಇಟ್ಟ ಹೆಸರು ಮಾರ್ಸೀನಿಯಾ. ಬೆಳೆದದ್ದು ಮಿನೆಸೊಟಾದ ಸೇಂಟ್ ಪಾಲ್‌ನಲ್ಲಿ. ಇನ್ನೂ ಹದಿನೈದು ಹದಿನಾರರ ವಯಸ್ಸಿಗೇ ಟ್ವಿನ್ ಸಿಟಿ ಕಲರ್ಡ್ ಜೈಂಟ್ಸ್ ಅನ್ನುವ ಗಂಡಸರ ತಂಡದ ಜೊತೆ ಊರೂರು ಸುತ್ತಿ ಆಡುತ್ತಿದ್ದರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಅಲ್ಲಿ ವಯಸ್ಸು ಹತ್ತು ವರ್ಷ ಕಡಿಮೆ ಹೇಳಿಕೊಂಡರು. 1949ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸೀ ಲಯನ್ಸ್‌ಗೆ ಆಡಿದರು, ಹೇಳಿದ ಹಣ ಬರಲಿಲ್ಲ ಅಂತ ಅದೇ ವರ್ಷ ನ್ಯೂ ಆರ್ಲಿಯನ್ಸ್ ಕ್ರಿಯೋಲ್ಸ್ ಸೇರಿದರು. ಅಂದರೆ ಪೊಲಾಕ್ ಕಣ್ಣಿಗೆ ಬೀಳುವ ಹೊತ್ತಿಗೆ ಅವರು ದುಡ್ಡಿಗಾಗಿ ಗಂಡಸರ ಜೊತೆ ವರ್ಷಗಟ್ಟಲೆ ಆಡಿದ್ದ ಆಟಗಾರ್ತಿ. ಬೀದಿಯಿಂದ ಯಾರನ್ನೋ ಎಳೆದು ತಂದು ನಿಲ್ಲಿಸಿದ್ದಲ್ಲ.

ಹೆಂಗಸರ ಲೀಗ್‌ನಲ್ಲಿ ಆಡಬಹುದಿತ್ತಲ್ವಾ ಅಂತ ಕೇಳಬಹುದು. ಇತ್ತು, 1943ರಿಂದ 1954ರವರೆಗೆ ನಡೆಯಿತು. ಆದರೆ ಅಲ್ಲಿ ಕಪ್ಪು ಮಹಿಳೆಯರಿಗೆ ಜಾಗ ಕೊಡಲಿಲ್ಲ. ಗಂಡಸರ ಮೈನರ್ ಲೀಗ್‌ಗಳು (ದೊಡ್ಡ ಲೀಗ್‌ಗಳ ಕೆಳಗಿನ ಹಂತ) 1952ರಲ್ಲಿ ಹೆಂಗಸರ ಜೊತೆ ಕರಾರು ಮಾಡಿಕೊಳ್ಳುವುದನ್ನೇ ನಿಷೇಧಿಸಿದವು. ಅವರಿಗೆ ಉಳಿದಿದ್ದ ಬಾಗಿಲು ಕ್ಲೌನ್ಸ್ ಆಡುತ್ತಿದ್ದ ನೀಗ್ರೋ ಅಮೆರಿಕನ್ ಲೀಗ್ ಒಂದೇ.

ಈಗ ಅಂಕಿಗೆ ಬರೋಣ. ಕ್ಲೌನ್ಸ್‌ಗೆ ಸುಮಾರು 50 ಪಂದ್ಯ, ಬ್ಯಾಟಿಂಗ್ ಸರಾಸರಿ .243. ಕ್ರಿಕೆಟ್ ಸರಾಸರಿ ತರಹ ಇದನ್ನು ಓದಬೇಡಿ. ಲೆಕ್ಕಕ್ಕೆ ಬರುವ ಪ್ರತಿ ನೂರು ಸಲದಲ್ಲಿ ಸುಮಾರು 24 ಸಲ ಹಿಟ್ ಹೊಡೆದರು, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರು ಅಂತ ಅರ್ಥ. 30 ಹೊಡೆದವರನ್ನು ಒಳ್ಳೆ ಬ್ಯಾಟರ್ ಅನ್ನುತ್ತಾರೆ. ಹಾಗಾಗಿ ಇದು ದೊಡ್ಡ ಸಾಧನೆ ಅಂತ ನಾನು ಹೇಳುವುದಿಲ್ಲ, ಆದರೆ 32ರ ವಯಸ್ಸಲ್ಲಿ, ಎಷ್ಟೋ ಪಂದ್ಯಗಳಲ್ಲಿ ಮೊದಲ ಕೆಲವು ಇನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಪಂದ್ಯಕ್ಕೆ ಒಂಬತ್ತು) ಆಡಿಸಿ ಕೂರಿಸುತ್ತಿದ್ದಾಗ, ಲಯ ಹಿಡಿಯಲಿಕ್ಕೇ ಅವಕಾಶ ಸಿಗದೆ ಹೊಡೆದದ್ದು ಇದು. ಆಟ ಬಾರದವರು ಆ ಮಟ್ಟದ ಪಿಚರ್‌ಗಳ (ಚೆಂಡು ಎಸೆಯುವವರ) ಮುಂದೆ ಇದರ ಅರ್ಧವೂ ಮುಟ್ಟುವುದಿಲ್ಲ.

ಅವರ ಜಾಗ ಸೆಕೆಂಡ್ ಬೇಸ್, ಅಂದರೆ ರನ್‌ಗಾಗಿ ಓಡುವವರು ಮುಟ್ಟಬೇಕಾದ ಎರಡನೇ ನಿಲ್ದಾಣ. ಓಡಿ ಬರುವವನು ಮೊಳೆ ಇರುವ ಶೂ ಮುಂದೆ ಮಾಡಿ ಜಾರಿಕೊಂಡು ಬರುತ್ತಾನೆ, ಅವನನ್ನು ಔಟ್ ಮಾಡಲು ಅಲ್ಲೇ ನಿಲ್ಲಬೇಕು. ಹೆಂಗಸು ಅಂತ ಬೇಕಂತಲೇ ಮೇಲೆ ಬಿದ್ದವರೂ ಇದ್ದರು. ಎಡ ಮಣಿಕಟ್ಟಿನ ಗಾಯದ ಗುರುತನ್ನು ಟೋನಿ ವರ್ಷಗಳ ನಂತರವೂ ತೋರಿಸುತ್ತಿದ್ದರು, ಅಂದು ಗುದ್ದಿದವನು ಔಟ್ ಆದ ಅನ್ನುವುದನ್ನೂ ಸೇರಿಸಿ ಹೇಳುತ್ತಿದ್ದರು. ತಂಡದ ಕೋಣೆಯಲ್ಲಿ ಅವರಿಗೆ ಜಾಗ ಇರಲಿಲ್ಲ, ಅಂಪೈರ್‌ಗಳ ಕೋಣೆಯಲ್ಲಿ ಬಟ್ಟೆ ಬದಲಾಯಿಸಬೇಕಿತ್ತು. ಕೆಲವು ಊರುಗಳಲ್ಲಿ ಇಷ್ಟು ಗಂಡಸರ ಜೊತೆ ಬಸ್ಸಿನಿಂದ ಇಳಿದ ಒಂಟಿ ಹೆಂಗಸನ್ನು ವೇಶ್ಯೆ ಅಂದುಕೊಂಡು ವೇಶ್ಯಾಗೃಹಕ್ಕೆ ಕಳಿಸಿದರು. ಅಲ್ಲಿನ ಹೆಂಗಸರೇ ಊಟ ಕೊಟ್ಟು ಮಲಗಲು ಜಾಗ ಮಾಡಿಕೊಟ್ಟರು. ಈ ಭಾಗ ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತೆ. ಬರೀ ಪೋಸ್ಟರ್‌ಗಾಗಿ ಯಾರು ಇಷ್ಟನ್ನು ತಡೆದುಕೊಳ್ಳುತ್ತಾರೆ ಹೇಳಿ?

1954ರಲ್ಲಿ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್‌ಗೆ ಹೋದರು. ಅಲ್ಲಿ ಹೆಚ್ಚು ಹೊತ್ತು ಬೆಂಚ್ ಮೇಲೇ ಕೂರಿಸಿದರು, ಬೇಸತ್ತು ಆ ಸೀಸನ್ ಮುಗಿದ ಮೇಲೆ ಬಿಟ್ಟರು. ಕ್ಲೌನ್ಸ್‌ನಲ್ಲಿ ಅವರ ಜಾಗಕ್ಕೆ ಬಂದದ್ದೂ ಒಬ್ಬ ಮಹಿಳೆ, ಕಾನಿ ಮಾರ್ಗನ್. ಮೇಮಿ ಜಾನ್ಸನ್ ಅನ್ನುವ ಇನ್ನೊಬ್ಬ ಮಹಿಳೆ ಅಲ್ಲೇ ಪಿಚರ್ ಆಗಿದ್ದರು. ಟೋನಿ ಆಮೇಲೆ ಓಕ್‌ಲ್ಯಾಂಡ್‌ನಲ್ಲಿ ನರ್ಸ್ ಕೆಲಸ ಮಾಡಿದರು, ತನಗಿಂತ ಬಹಳ ದೊಡ್ಡವರಾದ ಗಂಡನನ್ನು ನೋಡಿಕೊಂಡರು. 1996ರಲ್ಲಿ ತೀರಿಕೊಂಡರು.

ದಾಖಲೆ ನೋಡಬೇಕು ಅನ್ನುವವರಿಗೆ ಒಂದು ಮಾತು. 2024ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ನೀಗ್ರೋ ಲೀಗ್‌ಗಳ ಅಂಕಿಗಳನ್ನು ತನ್ನ ಅಧಿಕೃತ ದಾಖಲೆಗೆ ಸೇರಿಸಿತು, ಆದರೆ 1948ರವರೆಗಿನದ್ದು ಮಾತ್ರ. ಟೋನಿ ನೀಗ್ರೋ ಅಮೆರಿಕನ್ ಲೀಗ್‌ನಲ್ಲಿ ಆಡಿದ್ದು 1953 ಮತ್ತು 1954ರಲ್ಲಿ. ಆ ಪಟ್ಟಿಯಲ್ಲಿ ಅವರ ಹೆಸರು ಸಿಗಲಿಲ್ಲ ಅಂತ ಅವರು ಆಡಲೇ ಇಲ್ಲ ಅಂದುಕೊಳ್ಳಬೇಡಿ.